ನೋಟಿಸ್ ಕೊಟ್ಟಾಗಿದೆ, ಹೊಸ ಮನೆ ಸಿದ್ಧವಿಲ್ಲ: ಜರ್ಮನಿಯಲ್ಲಿ ಮನೆ ಬದಲಾವಣೆ ಕೈಕೊಟ್ಟಾಗ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವುದು ಎರಡು ವಾರ ತಡವಾದರೆ ಮಾಲೀಕರಿಗೆ ಫೋನ್ ಮಾಡಿ ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಸರ್’ ಎಂದು ಕೇಳಿಕೊಂಡರೆ ಬಹುತೇಕ ಕೆಲಸ ಆಗುತ್ತದೆ. ಜರ್ಮನಿಯಲ್ಲಿ ಅದೇ ಎರಡು ವಾರದ ತಡಕ್ಕೆ ವಿಳಾಸದ ನೋಂದಣಿ, ಮಗುವಿನ ಶಾಲೆ, ವಿದ್ಯುತ್ತು, ಸಾಮಾನು ಸಾಗಿಸುವ ಲಾರಿ, ಊರಿನಿಂದ ಹೊರಟು ನಿಂತ ಅಪ್ಪ ಅಮ್ಮನ ಟಿಕೆಟ್ ಎಲ್ಲವೂ ಒಂದರ ಹಿಂದೊಂದು ಉರುಳುತ್ತವೆ.

ಇದಕ್ಕೆ ಮೂಲ ಅಲ್ಲಿನ ನೋಟಿಸ್ ನಿಯಮ. ಬಾಡಿಗೆದಾರರು ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು. ತಿಂಗಳ ಮೂರನೆಯ ಕೆಲಸದ ದಿನದೊಳಗೆ ಪತ್ರ ಮಾಲೀಕರನ್ನು ತಲುಪಿದರೆ ಆ ತಿಂಗಳೂ ಲೆಕ್ಕಕ್ಕೆ ಸೇರುತ್ತದೆ. ಮೇ ತಿಂಗಳ ಮೊದಲ ಮೂರು ಕೆಲಸದ ದಿನಗಳಲ್ಲಿ ಕೊಟ್ಟರೆ ಜುಲೈ 31ಕ್ಕೆ ಬಾಡಿಗೆ ಮುಗಿಯುತ್ತದೆ. ಒಂದು ದಿನ ತಪ್ಪಿದರೆ ಆಗಸ್ಟ್ 31. ಹೀಗಾಗಿ ಎರಡೆರಡು ಬಾಡಿಗೆ ಕಟ್ಟಲಾಗದವರು ಹೊಸ ಮನೆಯ ಬೀಗದ ಕೈ ಸಿಗುವುದಕ್ಕೆ ಎಷ್ಟೋ ಮೊದಲೇ ಹಳೆಯ ಮನೆಯನ್ನು ಬಿಟ್ಟುಕೊಟ್ಟಿರುತ್ತಾರೆ. ಆ ನಡುವಿನ ತಿಂಗಳುಗಳಲ್ಲಿ ಹೊಸ ಕಟ್ಟಡದ ಕೆಲಸ ನಿಂತುಹೋಗಬಹುದು, ಅಲ್ಲಿರುವ ಬಾಡಿಗೆದಾರರು ಖಾಲಿ ಮಾಡದಿರಬಹುದು, ನೀರಿನ ಪೈಪು ಒಡೆದು ನೆಲವನ್ನೇ ಕಿತ್ತುಹಾಕಿರಬಹುದು.

ಸುದ್ದಿ ಬಂದ ಕೂಡಲೇ ಹೆಚ್ಚಿನವರು ಮಾಡುವುದು ಮೊಬೈಲ್ ಹಿಡಿದು ತಾತ್ಕಾಲಿಕ ಮನೆ ಹುಡುಕುವುದನ್ನು. ಅದು ನಾಲ್ಕನೆಯ ಕೆಲಸ. ಎಲ್ಲಕ್ಕಿಂತ ಅಗ್ಗದ ದಿನಗಳು ಸಿಗುವುದು ನೀವು ಈಗ ಇರುವ ಮನೆಯಲ್ಲಿ. ಮೊದಲು ಅವನ್ನು ಸಂಪಾದಿಸಿ.

ಮೊದಲ ಹೆಜ್ಜೆ: ಯಾವ ದಿನಾಂಕ ಅಲುಗುತ್ತದೆ, ಯಾವುದು ಅಲುಗುವುದಿಲ್ಲ

ಒಂದು ಹಾಳೆಯಲ್ಲಿ ಎಲ್ಲ ದಿನಾಂಕಗಳನ್ನೂ ಬರೆಯಿರಿ: ಹಳೆಯ ಕರಾರು ಮುಗಿಯುವ ದಿನ, ಹಳೆಯ ಮನೆಗೆ ಮುಂದಿನ ಬಾಡಿಗೆದಾರರು ಬರುವ ದಿನ, ಲಾರಿಯ ದಿನ, ಅಡುಗೆಮನೆಯ ಕಪಾಟುಗಳು ಬರುವ ದಿನ, ಇಂಟರ್ನೆಟ್ ತಂತ್ರಜ್ಞರ ದಿನ, ಶಾಲೆ ಆರಂಭ, ನಿವಾಸ ಪರವಾನಗಿ ಮುಗಿಯುವ ದಿನ, ಅತಿಥಿಗಳ ವಿಮಾನ. ಲಾರಿ, ಕಪಾಟು, ತಂತ್ರಜ್ಞರು ದುಡ್ಡು ಕೊಟ್ಟರೆ ಅಥವಾ ಬೇಗ ಹೇಳಿದರೆ ಮುಂದಕ್ಕೆ ಹೋಗುತ್ತಾರೆ. ಪರವಾನಗಿ ಮುಗಿಯುವ ದಿನ ಹೋಗುವುದಿಲ್ಲ. ಮುಂದಿನ ಬಾಡಿಗೆದಾರರು ಬರುವ ದಿನ ಅಲುಗುತ್ತದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ, ಮಾಲೀಕರಿಗೆ ಗೊತ್ತು. ಆದ್ದರಿಂದ ಎರಡನೆಯ ಹೆಜ್ಜೆ ಅಲ್ಲಿಗೇ.

ಎರಡನೆಯ ಹೆಜ್ಜೆ: ಹಳೆಯ ಮನೆಯ ಮಾಲೀಕರು, ಅದೇ ದಿನ

ಒಮ್ಮೆ ಕೊಟ್ಟ ನೋಟಿಸನ್ನು ನೀವೊಬ್ಬರೇ ಹಿಂತೆಗೆದುಕೊಳ್ಳಲು ಬರುವುದಿಲ್ಲ, ಮಾಲೀಕರೂ ಒಪ್ಪಬೇಕು. ಅವರು ಒಪ್ಪುವುದು ಹೊಸ ಕರಾರು ಇನ್ನೂ ಯಾರೊಂದಿಗೂ ಆಗಿರದಿದ್ದರೆ. ಆದ್ದರಿಂದ ಇಲ್ಲಿ ಒಂದು ವಾರದ ಸಂಕೋಚಕ್ಕೂ ಬೆಲೆಯಿದೆ. ನಮ್ಮವರಲ್ಲಿ ಅನೇಕರು ‘ಬಿಡುತ್ತೇವೆ ಎಂದು ಹೇಳಿ ಈಗ ಹೇಗೆ ಕೇಳುವುದು’ ಎಂದು ಹಿಂಜರಿಯುತ್ತಾರೆ. ಜರ್ಮನ್ ಮಾಲೀಕರಿಗೆ ಇದು ವ್ಯವಹಾರದ ಪ್ರಶ್ನೆ. ಆಗುವುದಾದರೆ ಆಗುತ್ತದೆ ಎನ್ನುತ್ತಾರೆ, ಆಗದಿದ್ದರೆ ಆಗುವುದಿಲ್ಲ ಎನ್ನುತ್ತಾರೆ. ಮುನಿಸು ಕಡಿಮೆ.

ಫೋನಿನಲ್ಲಿ ವಿಷಯ ತಿಳಿಸಿ, ಆಮೇಲೆ ಬರಹದಲ್ಲಿ ಕೇಳಿ. ಪತ್ರದಲ್ಲಿ ಕಥೆ ಬೇಡ. ಹೊಸ ಮನೆಯ ಹಸ್ತಾಂತರ ಯಾವ ದಿನಕ್ಕೆ ಮುಂದೂಡಿದೆ, ನಿಮಗೆ ಯಾವ ದಿನದವರೆಗೆ ಇರಬೇಕು, ಆ ಅವಧಿಗೆ ಇದೇ ಬಾಡಿಗೆ ಕಟ್ಟುತ್ತೀರಿ, ಯಾವ ದಿನದೊಳಗೆ ಉತ್ತರ ಬೇಕು ಎಂಬ ನಾಲ್ಕು ಸಾಲು ಸಾಕು. ಒಂದು ಮಾದರಿ ಹೀಗಿರಬಹುದು, ಜರ್ಮನ್‌ಗೆ ಇಳಿಸಿಕೊಳ್ಳಿ:

‘ನಮ್ಮ ಬಾಡಿಗೆ ಕರಾರು ಜುಲೈ 31ಕ್ಕೆ ಮುಗಿಯುತ್ತದೆ. ಹೊಸ ಮನೆಯ ಹಸ್ತಾಂತರ ಆಗಸ್ಟ್ 31ಕ್ಕೆ ಮುಂದೂಡಿರುವುದಾಗಿ ನಮಗೆ ಲಿಖಿತವಾಗಿ ತಿಳಿಸಿದ್ದಾರೆ, ಪ್ರತಿ ಲಗತ್ತಿಸಿದೆ. ಆಗಸ್ಟ್ 31ರವರೆಗೆ ಇದೇ ಬಾಡಿಗೆ, ಇದೇ ಷರತ್ತುಗಳ ಮೇಲೆ ಇಲ್ಲಿ ಇರಲು ಒಪ್ಪಿಗೆ ಕೋರುತ್ತೇವೆ. ದಯವಿಟ್ಟು ಇಂಥ ದಿನದೊಳಗೆ ಉತ್ತರ ತಿಳಿಸಿ. ಪೂರ್ತಿ ತಿಂಗಳು ಸಾಧ್ಯವಿಲ್ಲದಿದ್ದರೆ ಆಗಸ್ಟ್ 15ರವರೆಗೆ ಆದರೂ ಆಗಬಹುದು.’

ಕೊನೆಯ ಸಾಲನ್ನು ಬಿಡಬೇಡಿ. ಮುಂದಿನ ಬಾಡಿಗೆದಾರರು ಬರುವ ಮುನ್ನ ಬಣ್ಣ ಬಳಿಯಲೆಂದು ಮಾಲೀಕರು ಎರಡು ವಾರ ಇಟ್ಟುಕೊಂಡಿರುವುದುಂಟು. ಅದರಲ್ಲಿ ಒಂದು ವಾರ ನಿಮಗೆ ಸಿಕ್ಕರೂ ಹೋಟೆಲಿನ ಬಿಲ್ಲು ಅಷ್ಟು ಇಳಿಯುತ್ತದೆ. ಒಪ್ಪಿಗೆ ಸಿಕ್ಕರೆ ಕೊನೆಯ ದಿನಾಂಕವಿರುವ ಚಿಕ್ಕ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿ. ಮೂಲ ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿದ್ದರೆ ಇಲ್ಲಿಯೂ ಇಬ್ಬರ ಸಹಿ ಬೇಕು.

ಒಪ್ಪಲಿಲ್ಲ ಎನ್ನಿ. ಸುಮ್ಮನೆ ಕುಳಿತುಬಿಟ್ಟರೆ ಏನಾಗುತ್ತದೆ? ನ್ಯಾಯಾಲಯದ ಆದೇಶವಿಲ್ಲದೆ ಮಾಲೀಕರು ನಿಮ್ಮ ಸಾಮಾನನ್ನು ಹೊರಗೆ ಹಾಕುವಂತಿಲ್ಲ, ಬೀಗ ಬದಲಾಯಿಸುವಂತಿಲ್ಲ. ಹಾಗೆಂದು ಇದನ್ನು ಉಪಾಯವೆಂದು ತಿಳಿಯಬೇಡಿ. ಮೀರಿದ ದಿನಗಳಿಗೆ ಹಳೆಯ ಬಾಡಿಗೆಯನ್ನೋ, ಆ ಪ್ರದೇಶದ ಚಾಲ್ತಿ ಬಾಡಿಗೆ ಹೆಚ್ಚಿದ್ದರೆ ಅದನ್ನೋ ಅವರು ಕೇಳಬಹುದು. ಹೊಸ ಬಾಡಿಗೆದಾರರಿಗೆ ಆದ ನಷ್ಟವೂ ನಿಮ್ಮ ಹೆಗಲಿಗೆ ಬರುವ ಅಪಾಯವಿದೆ. ಅವಧಿ ಮುಗಿದ ಮೇಲೂ ನೀವು ಇದ್ದು, ಎರಡು ವಾರಗಳೊಳಗೆ ಯಾರೂ ಆಕ್ಷೇಪಿಸದಿದ್ದರೆ ಕರಾರು ತಾನಾಗಿ ಮುಂದುವರಿಯುತ್ತದೆ ಎಂಬ ನಿಯಮವೂ ಇದೆ. ಅದನ್ನು ನಂಬಿ ಕೂರಲು ಬಾರದು, ಏಕೆಂದರೆ ಅದನ್ನು ಮೊದಲೇ ತೆಗೆದುಹಾಕುವ ಷರತ್ತು ಹಲವು ಕರಾರುಗಳಲ್ಲಿ ಇರುತ್ತದೆ.

ಮೂರನೆಯ ಹೆಜ್ಜೆ: ಹೊಸ ಮನೆಯವರಿಂದ ಬರಹದಲ್ಲಿ ಪಡೆಯಬೇಕಾದದ್ದು

ಇಲ್ಲಿ ಎಲ್ಲವೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಕರಾರಿಗೆ ಸಹಿ ಆಗಿದೆಯೇ? ‘ಮನೆ ನಿಮಗೇ’ ಎಂಬ ಇಮೇಲ್ ಮಾತ್ರ ಇದ್ದರೆ ಕೈಯಲ್ಲಿ ಗಟ್ಟಿಯಾದದ್ದು ಏನೂ ಇಲ್ಲವೆಂದೇ ಭಾವಿಸಿ ಬೇರೆ ಮನೆ ಹುಡುಕಲು ಹೊರಡಿ. ಸಹಿ ಮಾಡಿದ ಕರಾರು ಕೈಗೆ ಬರುವವರೆಗೆ ಹಳೆಯ ಮನೆಗೆ ನೋಟಿಸ್ ಕೊಡಬಾರದು ಎಂದು ಎಲ್ಲರೂ ಹೇಳುವುದು ಇದಕ್ಕೇ.

ಸಹಿ ಆಗಿದ್ದರೆ ಮೊದಲು ಕರಾರಿನಲ್ಲಿ ದಿನಾಂಕ ಹೇಗೆ ಬರೆದಿದೆ ನೋಡಿ. ನಿಗದಿತ ದಿನಾಂಕ ಒಂದು ಬಗೆ. ‘ಅಂದಾಜು ಇಂಥ ತಿಂಗಳು’ ಎಂದು ಬರೆದಿರುವುದು ಇನ್ನೊಂದು ಬಗೆ. ಹೊಸ ಕಟ್ಟಡಗಳಲ್ಲಿ ಎರಡನೆಯದು ಮಾಮೂಲಿ, ಅಲ್ಲಿ ನಿಮ್ಮ ಹಿಡಿತ ಸಡಿಲ. ನಿಗದಿತ ದಿನಾಂಕವಿದ್ದರೆ ಮೂರು ವಿಷಯ ನಿಮ್ಮ ಪರವಾಗಿವೆ. ಮನೆ ಕೊಡದ ದಿನಗಳಿಗೆ ಬಾಡಿಗೆ ಇಲ್ಲ. ತಡಕ್ಕೆ ಮಾಲೀಕರು ಹೊಣೆಯಾದರೆ ಹೋಟೆಲ್, ಗೋದಾಮು, ಎರಡನೆಯ ಬಾರಿಯ ಲಾರಿ ಮುಂತಾದ ಹೆಚ್ಚುವರಿ ಖರ್ಚನ್ನು ಕೇಳಬಹುದು. ಗಡುವು ಕೊಟ್ಟ ಮೇಲೂ ಮನೆ ಸಿಗದಿದ್ದರೆ ಮೂರು ತಿಂಗಳು ಕಾಯದೆ ಕರಾರನ್ನು ತಕ್ಷಣ ಮುರಿಯಬಹುದು. ಖರ್ಚು ಕೇಳಬೇಕೆಂದರೆ ರಸೀದಿ ಬೇಕು, ಮತ್ತು ಖರ್ಚು ಮಿತವಾಗಿರಬೇಕು. ಎರಡು ಕೋಣೆಯ ಮನೆ ಬಿಟ್ಟವರು ಐಷಾರಾಮಿ ಹೋಟೆಲಿನ ಬಿಲ್ಲು ಕಳಿಸಿದರೆ ಯಾರೂ ಕೊಡುವುದಿಲ್ಲ.

ಮಾಲೀಕರಿಂದ ಕೇಳಬೇಕಾದದ್ದು ಹೊಸ ದಿನಾಂಕ, ತಡದ ಕಾರಣ, ಬಾಡಿಗೆ ಯಾವ ದಿನದಿಂದ ಎಂಬ ಮೂರೇ. ಬಾಯಿಮಾತಿನ ‘ಮುಂದಿನ ವಾರ’ ಬೇಡ. ಅವರು ಫೋನಿನಲ್ಲಿಯೇ ಹೇಳುತ್ತಾರಾದರೆ ಅಂದೇ ಸಂಜೆ ‘ಇಂದು ನೀವು ಹೀಗೆ ತಿಳಿಸಿದಿರಿ’ ಎಂದು ನೀವೇ ಇಮೇಲ್ ಬರೆಯಿರಿ. ಗಡುವು ಕೊಡುವ ಪತ್ರ, ಕರಾರು ಮುರಿಯುವ ಪತ್ರ ಮಾತ್ರ ಕಾಗದದಲ್ಲಿ, ಕೈಸಹಿಯೊಂದಿಗೆ, ಅಂಚೆಯ ನೋಂದಾಯಿತ ಸೇವೆಯಲ್ಲಿ ಹೋಗಲಿ. ಮನೆ ಬಾಡಿಗೆಯ ನೋಟಿಸ್ ಇಮೇಲ್‌ನಲ್ಲಿಯೋ ವಾಟ್ಸ್ಆ್ಯಪ್‌ನಲ್ಲಿಯೋ ಕೊಟ್ಟರೆ ಊರ್ಜಿತವಲ್ಲ.

ಈ ಹಂತದಲ್ಲಿಯೇ ನಿಮ್ಮ ಊರಿನ ಮೀಟರ್‌ಫೆರೈನ್, ಅಂದರೆ ಬಾಡಿಗೆದಾರರ ಸಂಘದ ಸದಸ್ಯರಾಗಿ. ವಾರ್ಷಿಕ ಶುಲ್ಕ ಒಬ್ಬ ವಕೀಲರ ಒಂದು ಭೇಟಿಗಿಂತ ಅಗ್ಗ, ಮತ್ತು ಸಲಹೆ ಸಾಮಾನ್ಯವಾಗಿ ಸದಸ್ಯರಾದ ಕೂಡಲೇ ಸಿಗುತ್ತದೆ. ಕಾನೂನು ವೆಚ್ಚದ ವಿಮೆಯನ್ನು ಈಗ ಮಾಡಿಸಿ ಪ್ರಯೋಜನವಿಲ್ಲ. ಅದಕ್ಕೆ ಕಾಯುವ ಅವಧಿ ಇರುತ್ತದೆ, ಆಗಲೇ ಹುಟ್ಟಿದ ಜಗಳಕ್ಕೆ ಅದು ಬರುವುದಿಲ್ಲ. ಜರ್ಮನ್ ಬಾರದವರು ಸಂಘದ ಭೇಟಿಗೆ ಭಾಷೆ ಬಲ್ಲ ಗೆಳೆಯರೊಬ್ಬರನ್ನು ಕರೆದೊಯ್ಯಿರಿ. ಮ್ಯೂನಿಕ್, ಫ್ರಾಂಕ್‌ಫರ್ಟ್‌ನಂಥ ಊರುಗಳ ಕನ್ನಡ ಬಳಗಗಳಲ್ಲಿ ಅಂಥವರು ಒಬ್ಬರಾದರೂ ಸಿಗುತ್ತಾರೆ, ಸಿಕ್ಕರೆ ತಮ್ಮ ಮನೆಯ ಕಥೆಯನ್ನೂ ಹೇಳದೆ ಬಿಡುವುದಿಲ್ಲ.

ನಾಲ್ಕನೆಯ ಹೆಜ್ಜೆ: ನಡುವಿನ ಸೂರು

ಒಂದೆರಡು ವಾರವಾದರೆ ಗೆಳೆಯರ ಮನೆ ಅಥವಾ ರಜಾ ದಿನಗಳಿಗೆ ಕೊಡುವ ಅಪಾರ್ಟ್‌ಮೆಂಟ್. ಗೆಳೆಯರು ಬಾಡಿಗೆ ಮನೆಯಲ್ಲಿದ್ದರೂ ಕೆಲವು ವಾರ ಅತಿಥಿಗಳನ್ನು ಇಟ್ಟುಕೊಳ್ಳಲು ಅವರ ಮಾಲೀಕರ ಅನುಮತಿ ಬೇಕಿಲ್ಲ. ತಿಂಗಳುಗಟ್ಟಲೆ ಎಂದಾದರೆ ಬೇಕು, ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಒಂದರಿಂದ ಆರು ತಿಂಗಳಿಗಾದರೆ ಪರ ಊರಿಗೆ ಹೋಗುವವರು ತಮ್ಮ ಮನೆಯನ್ನು ಪೀಠೋಪಕರಣ ಸಮೇತ ಕೊಡುವ ತ್ಸ್ವಿಶೆನ್‌ಮೀಟೆ ಒಳ್ಳೆಯದು. ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯಗಳಿರುವ ಊರುಗಳಲ್ಲಿ ಇವು ಹೆಚ್ಚು ಸಿಗುತ್ತವೆ, ಅಕ್ಟೋಬರಿನಲ್ಲಿ ಸೆಮಿಸ್ಟರ್ ಶುರುವಾಗುವಾಗ ಸಿಗುವುದೇ ಕಷ್ಟ.

ಆತುರದಲ್ಲಿರುವವರನ್ನೇ ಮೋಸಗಾರರು ಹುಡುಕುವುದು. ಮಾಲೀಕರು ವಿದೇಶದಲ್ಲಿದ್ದಾರೆ, ಅಡ್ವಾನ್ಸ್ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಎಂದರೆ ಅಲ್ಲಿಗೆ ಮಾತು ಮುಗಿಸಿ. ಮನೆಯನ್ನು ನೋಡದೆ, ಕರಾರಿಗೆ ಸಹಿ ಹಾಕದೆ ಒಂದು ಯೂರೋವನ್ನೂ ಕಳಿಸಬೇಡಿ, ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಡಿ.

ಸಾಮಾನಿಗೆ ತಿಂಗಳ ಬಾಡಿಗೆಯ ಗೋದಾಮುಗಳಿವೆ. ಲಾರಿ ಕಂಪನಿಯನ್ನೇ ಮೊದಲು ಕೇಳಿ. ತಮ್ಮದೇ ಗೋದಾಮು ಇರುವವರು ಒಮ್ಮೆ ತುಂಬಿದ್ದನ್ನು ಅಲ್ಲಿಯೇ ಇಟ್ಟು, ಆಮೇಲೆ ಹೊಸ ಮನೆಗೆ ಇಳಿಸುತ್ತಾರೆ. ಎರಡು ಸಲ ಹೊತ್ತು ಇಳಿಸುವ ಕೂಲಿ ಉಳಿಯುತ್ತದೆ. ರಸ್ತೆಯಲ್ಲಿ ಲಾರಿ ನಿಲ್ಲಿಸಲು ನಗರಾಡಳಿತದಿಂದ ಪಡೆದ ಅನುಮತಿ ಆ ದಿನಕ್ಕೆ ಮಾತ್ರ. ಹೊಸ ದಿನಕ್ಕೆ ಹೊಸ ಅರ್ಜಿ ಹಾಕಬೇಕು, ವಾಹನ ನಿಲುಗಡೆ ನಿಷೇಧದ ಫಲಕವನ್ನೂ ಕೆಲವು ದಿನ ಮೊದಲೇ ನಿಲ್ಲಿಸಬೇಕು. ಮನೆ ಸಾಮಾನಿನ ವಿಮೆ ಗೋದಾಮಿನಲ್ಲಿರುವ ವಸ್ತುಗಳಿಗೂ ಅನ್ವಯವಾಗುತ್ತದೆಯೇ ಎಂದು ಕಂಪನಿಗೆ ಒಂದು ಸಾಲು ಬರೆದು ಕೇಳಿ.

ಗೋದಾಮಿಗೆ ಹೋಗದ ಒಂದು ಪೆಟ್ಟಿಗೆ ಮಾಡಿ. ಪಾಸ್‌ಪೋರ್ಟ್, ಮದುವೆ ಮತ್ತು ಜನನ ಪ್ರಮಾಣಪತ್ರಗಳು, ಬಾಡಿಗೆ ಕರಾರುಗಳು, ಸಂಬಳದ ಚೀಟಿಗಳು, ಔಷಧಿ, ಒಂದು ಮೇಜುದೀಪ. ದೀಪವೇಕೆ ಎಂದರೆ ಅಲ್ಲಿ ಎಷ್ಟೋ ಮನೆಗಳಲ್ಲಿ ಚಾವಣಿಯಿಂದ ಬರಿಯ ತಂತಿ ಜೋತಾಡುತ್ತಿರುತ್ತದೆ, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು.

ಐದನೆಯ ಹೆಜ್ಜೆ: ವಿಳಾಸ ಮತ್ತು ಅಂಚೆ

ಮನೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದೇ ಆನ್‌ಮೆಲ್ಡುಂಗ್. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಬೇಕು. ಲೆಕ್ಕಕ್ಕೆ ಬರುವುದು ನಿಜವಾಗಿ ಒಳಗೆ ವಾಸಕ್ಕೆ ಹೋದ ದಿನ, ಕರಾರಿನಲ್ಲಿರುವ ದಿನವಲ್ಲ. ಆದ್ದರಿಂದ ಹೊಸ ಮನೆ ತಡವಾದರೆ ಮೊದಲೇ ಹೋಗಿ ಅಲ್ಲಿನ ವಿಳಾಸ ಬರೆಸಬೇಡಿ. ಆರು ತಿಂಗಳವರೆಗಿನ ತಾತ್ಕಾಲಿಕ ವಾಸಕ್ಕೆ ನೋಂದಣಿ ಬೇಡ ಎಂದು ಪರಿಚಯಸ್ಥರು ಹೇಳುತ್ತಾರೆ. ಅದು ಬೇರೊಂದು ನೋಂದಾಯಿತ ಮನೆಯನ್ನು ಉಳಿಸಿಕೊಂಡವರಿಗೆ ಮಾತ್ರ. ಹಳೆಯ ಮನೆ ಬಿಟ್ಟವರು ತಾತ್ಕಾಲಿಕ ವಿಳಾಸವನ್ನೇ ನೋಂದಾಯಿಸಬೇಕು, ಹಾಗಾಗಿ ನಡುವಿನ ಸೂರನ್ನು ಒಪ್ಪುವ ಮೊದಲು ‘ಇಲ್ಲಿ ಆನ್‌ಮೆಲ್ಡುಂಗ್ ಆಗುತ್ತದೆಯೇ’ ಎಂದು ಕೇಳಿ. ನಿವಾಸ ಪರವಾನಗಿಯ ನವೀಕರಣ ಹತ್ತಿರವಿರುವವರಿಗಂತೂ ಇದೇ ಮೊದಲ ಪ್ರಶ್ನೆ. ವಿಳಾಸ ಬೇರೆ ಊರಿಗೆ ಹೋದರೆ ನಿಮ್ಮ ಕಡತ ನೋಡುವ ವಿದೇಶಿಯರ ಕಚೇರಿಯೂ ಬದಲಾಗುತ್ತದೆ, ಅರ್ಜಿ ಅರ್ಧದಲ್ಲಿದ್ದರೆ ತಿಂಗಳುಗಳು ಹೋಗಬಹುದು. ಸಾಧ್ಯವಾದರೆ ತಾತ್ಕಾಲಿಕ ಮನೆಯನ್ನು ಅದೇ ಊರಿನ ಎಲ್ಲೆಯೊಳಗೆ ಹಿಡಿಯಿರಿ.

ಜರ್ಮನಿಯಲ್ಲಿ ಬ್ಯಾಂಕ್, ಆರೋಗ್ಯ ವಿಮೆ, ತೆರಿಗೆ ಇಲಾಖೆ ಎಲ್ಲರೂ ಇನ್ನೂ ಕಾಗದ ಕಳಿಸುತ್ತಾರೆ. ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಗೆಳೆಯರ ಮನೆಯಲ್ಲಿದ್ದರೆ ಅವರ ಅಂಚೆಪೆಟ್ಟಿಗೆಗೆ ನಿಮ್ಮ ಹೆಸರಿನ ಚೀಟಿಯನ್ನು ಮೊದಲ ದಿನವೇ ಅಂಟಿಸಿ, ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಡಾಯ್ಚೆ ಪೋಸ್ಟ್‌ನ ಮರುನಿರ್ದೇಶನ ಸೇವೆಗೆ ಹಣ ಕಟ್ಟಬೇಕು, ಜಾರಿಗೆ ಬರಲು ಕೆಲವು ದಿನ ಬೇಕು. ಹೊಸ ಮನೆಯ ವಿಳಾಸ ಕೊಟ್ಟು ಆಗಲೇ ಅರ್ಜಿ ಹಾಕಿದ್ದರೆ ಅದನ್ನು ತಕ್ಷಣ ಬದಲಾಯಿಸಿ.

ಆರನೆಯ ಹೆಜ್ಜೆ: ವಿದ್ಯುತ್ತು, ಇಂಟರ್ನೆಟ್, ಒಲೆ

ವಿದ್ಯುತ್ತಿಗೆ ಹೆದರಬೇಕಿಲ್ಲ. ಕರಾರು ಮಾಡದಿದ್ದರೂ ಆ ಪ್ರದೇಶದ ಮೂಲ ಸರಬರಾಜುದಾರರಿಂದ ಕರೆಂಟ್ ಬರುತ್ತದೆ. ದರ ತುಸು ಹೆಚ್ಚು, ಎರಡು ವಾರದ ನೋಟಿಸ್ ಕೊಟ್ಟು ಹೊರಬರಬಹುದು. 2025ರ ಜೂನ್ 6ರಿಂದ ಹಿಂದಿನ ದಿನಾಂಕಕ್ಕೆ ಕರಾರು ಮಾಡಿಸಿಕೊಳ್ಳುವ ಅವಕಾಶ ಇಲ್ಲ, ಆದ್ದರಿಂದ ಆಗಲೇ ಹೊಸ ಮನೆಗೆ ಕರಾರು ಮಾಡಿದ್ದರೆ ದಿನಾಂಕ ಮುಂದೂಡಿದ್ದನ್ನು ಮುಂಚೆಯೇ ತಿಳಿಸಿ. ಇಂಟರ್ನೆಟ್ಟಿನದು ದೊಡ್ಡ ತಲೆನೋವು. ಒಮ್ಮೆ ತಪ್ಪಿದ ತಂತ್ರಜ್ಞರು ಮತ್ತೆ ಸಿಗಲು ವಾರಗಳು ಹಿಡಿಯಬಹುದು. ಮನೆಯಿಂದ ಕೆಲಸ ಮಾಡುವವರು ಸಿಮ್ ಹಾಕುವ ರೂಟರ್ ಒಂದನ್ನು ಕೊಂಡುಬಿಡಿ. ಹೊಸ ಜಾಗದಲ್ಲಿ ನಿಮ್ಮ ಕಂಪನಿಯ ಸೇವೆಯೇ ಇಲ್ಲವೆಂದಾದರೆ ಒಂದು ತಿಂಗಳ ನೋಟಿಸಿನಲ್ಲಿ ಕರಾರು ಮುರಿಯುವ ಹಕ್ಕಿದೆ.

ಜರ್ಮನಿಯ ಬಹಳಷ್ಟು ಮನೆಗಳು ಅಡುಗೆಮನೆಯ ಕಪಾಟು, ಸಿಂಕು, ಒಲೆ ಏನೂ ಇಲ್ಲದೆ ಬರುತ್ತವೆ. ಅವುಗಳ ದಿನಾಂಕ ಮುಂದೂಡಿದರೆ ಹೊಸ ಮನೆಗೆ ಹೋದ ಮೇಲೂ ವಾರಗಟ್ಟಲೆ ಅಡುಗೆಮನೆ ಇರುವುದಿಲ್ಲ. ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸುವ ಇಂಡಕ್ಷನ್ ಒಲೆ ಸಾಕು, ಆದರೆ ಊರಿನಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕೆಲಸ ಮಾಡದು. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರೇ ಬೇಕು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಒಲೆಯನ್ನೂ ನೀರು ಕಾಯಿಸುವ ಕೆಟಲನ್ನೂ ಹಾಕಬೇಡಿ. ಮಿಕ್ಸಿಗೆ ವೋಲ್ಟೇಜಿನ ತೊಂದರೆಯಿಲ್ಲ, ಅಲ್ಲಿಯೂ 230 ವೋಲ್ಟ್. ಪ್ಲಗ್ ಅಡಾಪ್ಟರ್ ಮಾತ್ರ ಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಡ್ರಿಲ್ ಹಿಡಿಯುವಂತೆಯೂ ಇಲ್ಲ. ಅಂದು ಅವಲಕ್ಕಿ ಮೊಸರಿನ ದಿನವೆಂದು ಇಟ್ಟುಕೊಳ್ಳಿ.

ಶಾಲೆಗೆ ಹೋಗುವ ಮಕ್ಕಳಿದ್ದರೆ

ಪ್ರಾಥಮಿಕ ಶಾಲೆ ಹಲವು ರಾಜ್ಯಗಳಲ್ಲಿ ವಿಳಾಸಕ್ಕೆ ಅಂಟಿಕೊಂಡಿದೆ. ಹೊಸ ಶಾಲೆಗೆ ಕರಾರಿನ ಪ್ರತಿ ತೋರಿಸಿ ಸೇರಿಸಿಕೊಳ್ಳಬಹುದೇ ಎಂದು, ಹಳೆಯ ಶಾಲೆಗೆ ಕೆಲವು ವಾರ ಮುಂದುವರಿಯಬಹುದೇ ಎಂದು ಎರಡೂ ಕಡೆ ಕೇಳಿ. ಶಿಶುವಿಹಾರದ ಸ್ಥಾನವನ್ನಂತೂ ಹೊಸದು ಖಚಿತವಾಗುವವರೆಗೆ ಬಿಡಬೇಡಿ, ದೂರವಾದರೂ ಸರಿ.

ಅಪ್ಪ ಅಮ್ಮನ ಟಿಕೆಟ್ ಮತ್ತು ಗೃಹಪ್ರವೇಶ

ಷೆಂಗೆನ್ ಸಂದರ್ಶಕ ವೀಸಾದ ಮೇಲೆ ಎರಡು ಲೆಕ್ಕಗಳಿರುತ್ತವೆ, ಬಳಸಬಹುದಾದ ಅವಧಿಯ ಮೊದಲ ಮತ್ತು ಕೊನೆಯ ದಿನ ಒಂದು, ಇರಬಹುದಾದ ದಿನಗಳು ಇನ್ನೊಂದು. ಅವಧಿಯೊಳಗೆ ಜಾಗವಿದ್ದರೆ ಹೊಸ ವೀಸಾ ಬೇಡದೆ ಪ್ರಯಾಣವನ್ನು ಮುಂದೂಡಬಹುದು. ಪ್ರಯಾಣ ವಿಮೆಯ ದಿನಾಂಕಗಳನ್ನು ಜೊತೆಗೇ ಬದಲಾಯಿಸಿ. 30,000 ಯೂರೋ ರಕ್ಷಣೆಯ ವಿಮೆ ಇಡೀ ವಾಸಕ್ಕೆ ಬೇಕು. ವಿಮಾನ ನಿಲ್ದಾಣದಲ್ಲಿ ಎಲ್ಲಿ ಉಳಿಯುತ್ತೀರಿ ಎಂದು ಕೇಳಬಹುದು. ಆಹ್ವಾನ ಪತ್ರದ ವಿಳಾಸ ಬದಲಾಗಿದ್ದರೆ ತಾತ್ಕಾಲಿಕ ವಿಳಾಸವಿರುವ ಹೊಸ ಪತ್ರವನ್ನು, ನಿಮ್ಮ ಫೋನ್ ಸಂಖ್ಯೆಯೊಂದಿಗೆ, ಅವರ ಕೈಚೀಲದಲ್ಲಿರುವಂತೆ ಕಳಿಸಿ.

ನನ್ನನ್ನು ಕೇಳಿದರೆ, ಬೆನ್ನುನೋವು ಮಂಡಿನೋವಿನ ಹಿರಿಯರನ್ನು ಪೆಟ್ಟಿಗೆಗಳ ನಡುವೆ ಕರೆಸಿಕೊಳ್ಳುವುದಕ್ಕಿಂತ ಟಿಕೆಟ್ ಬದಲಾವಣೆಯ ದಂಡ ಕಟ್ಟುವುದು ಲೇಸು. ಮಗು ಹುಟ್ಟುವ ತಿಂಗಳಲ್ಲಿ ಬಾಣಂತನಕ್ಕೆಂದು ಬರುವವರ ವಿಷಯ ಬೇರೆ, ಆಗ ಅವರ ದಿನಾಂಕವೇ ಅಲುಗದ ದಿನಾಂಕ. ನಡುವಿನ ಸೂರನ್ನು ಲಿಫ್ಟ್ ಇದೆಯೇ, ಆಸ್ಪತ್ರೆಗೆ ಎಷ್ಟು ದೂರ ಎಂದು ನೋಡಿ ಆರಿಸಿ.

ಮುಹೂರ್ತದ ಚಿಂತೆ ಇರುವವರಿಗೆ ಒಂದು ಮಾತು. ಜೂನ್ ಕೊನೆಗೆ ಸಿಗಬೇಕಿದ್ದ ಮನೆ ಜುಲೈಗೆ ಜಾರಿದರೆ ಸಾಮಾನ್ಯವಾಗಿ ಆಷಾಢಕ್ಕೆ ಬಿದ್ದಿರುತ್ತದೆ, ಊರಿನಿಂದ ಫೋನ್ ಬರುತ್ತದೆ. ಹಳೆಯ ಮನೆಯಲ್ಲಿ ಇನ್ನೂ ಇದ್ದು, ಹೊಸ ಮನೆಯ ಬೀಗದ ಕೈ ಕೆಲವು ದಿನ ಮೊದಲೇ ಸಿಗುವಂತಿದ್ದರೆ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ ಬಂದುಬಿಡಿ, ವಾಸಕ್ಕೆ ಆಮೇಲೆ ಹೋಗಬಹುದು. ಸಾಮಾನು ಇಡಲು, ಬಣ್ಣ ಬಳಿಯಲು ಮುಂಚಿತವಾಗಿ ಬೀಗದ ಕೈ ಕೊಡುವುದು ಅಲ್ಲಿ ಅಪರೂಪವೇನಲ್ಲ, ಕೇಳಬೇಕಷ್ಟೆ. ಹೋಮ ಮಾತ್ರ ಬೇಡ. ಪ್ರತಿ ಮನೆಯಲ್ಲಿಯೂ ಹೊಗೆ ಪತ್ತೆ ಯಂತ್ರ ಕಡ್ಡಾಯ, ಪುರೋಹಿತರ ಮಂತ್ರಕ್ಕಿಂತ ಅದರ ಕೂಗು ದೊಡ್ಡದು.

ಕೈಗೆ ಬರದ ಅಡ್ವಾನ್ಸ್

ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕು, ಹಳೆಯದು ವಾಪಸ್ ಬಂದಿಲ್ಲ. ಯೋಜನೆ ಕೆಟ್ಟಾಗ ನಿಜವಾಗಿ ಉಸಿರುಕಟ್ಟಿಸುವುದು ಇದು. ಅಡ್ವಾನ್ಸ್, ಅಲ್ಲಿನ ಮಾತಿನಲ್ಲಿ ಕೌತ್ಸಿಯೋನ್, ಮನೆಯನ್ನು ಬೆಚ್ಚಗಿಡುವ ಬಿಸಿ ಮತ್ತಿತರ ವೆಚ್ಚ ಸೇರದ ಮೂಲ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ನಗದಾಗಿ ಕಟ್ಟುವುದಾದರೆ ಅದನ್ನು ಮೂರು ಸಮಾನ ಮಾಸಿಕ ಕಂತುಗಳಲ್ಲಿ ಕಟ್ಟುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಮೊದಲ ಕಂತು ಬಾಡಿಗೆ ಆರಂಭವಾದಾಗ. ಇದನ್ನು ಮಾಲೀಕರು ತಾವಾಗಿ ಹೇಳುವುದಿಲ್ಲ. ಹಳೆಯ ಅಡ್ವಾನ್ಸನ್ನು ಲೆಕ್ಕ ನೋಡಿ ಕೊಡಲು ಅವರಿಗೆ ತಿಂಗಳುಗಳ ಕಾಲಾವಕಾಶ ಸಿಗುತ್ತದೆ, ಆರು ತಿಂಗಳಾದರೂ ಅಚ್ಚರಿಪಡಬೇಕಿಲ್ಲ. ಹಾಗೆಂದು ಕೊನೆಯ ಮೂರು ತಿಂಗಳ ಬಾಡಿಗೆ ಕಟ್ಟದೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎನ್ನುವ ನಮ್ಮೂರಿನ ರೂಢಿ ಅಲ್ಲಿ ನಡೆಯುವುದಿಲ್ಲ.

ಉದ್ಯೋಗಕ್ಕಾಗಿ ಮನೆ ಬದಲಾಯಿಸಿದ್ದರೆ, ಅಥವಾ ಹೊಸ ಮನೆಯಿಂದ ಕಚೇರಿಗೆ ಹೋಗಿಬರುವ ಸಮಯ ದಿನಕ್ಕೆ ಒಂದು ಗಂಟೆಯಾದರೂ ಉಳಿಯುವುದಾದರೆ, ಸಾಗಣೆಯ ವೆಚ್ಚವನ್ನು ತೆರಿಗೆಯಲ್ಲಿ ತೋರಿಸಬಹುದು. ಎರಡು ಮನೆಗಳಿಗೆ ಒಟ್ಟಿಗೆ ಕಟ್ಟಿದ ಬಾಡಿಗೆಯೂ ಇದರಲ್ಲಿ ಸೇರಬಹುದು.

ಬೀಗದ ಕೈ ಕೊಡುವ ದಿನ

ಹಳೆಯ ಮನೆಯನ್ನು ಒಪ್ಪಿಸುವಾಗ ಲಿಖಿತ ವರದಿ ಮಾಡಿಸಿ: ಪ್ರತಿ ಕೋಣೆಯ ಸ್ಥಿತಿ, ವಿದ್ಯುತ್, ನೀರು, ಬಿಸಿಯ ಮೀಟರಿನ ಅಂಕಿಗಳು, ಒಪ್ಪಿಸಿದ ಕೀಲಿಗಳ ಸಂಖ್ಯೆ. ಮೀಟರ್ ಮತ್ತು ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೈಯಲ್ಲಿ ಸೂಟ್‌ಕೇಸ್, ಬಗಲಲ್ಲಿ ಮಗು, ಹೊರಗೆ ಟ್ಯಾಕ್ಸಿ ಇರುವಾಗ ‘ಇಲ್ಲಿ ಸಹಿ ಹಾಕಿ’ ಎಂದು ಮುಂದೆ ಹಿಡಿದ ಕಾಗದದಲ್ಲಿ ‘ಪೂರ್ತಿ ಬಣ್ಣ ಬಳಿಸಿಕೊಡುತ್ತೇವೆ’ ಎಂಬ ಸಾಲು ಇದ್ದೀತು. ಓದದೆ ಸಹಿ ಬೇಡ, ಒಪ್ಪದ ಸಾಲನ್ನು ಹೊಡೆದುಹಾಕಿ. ಬಣ್ಣ ಬಳಿಯದ ಮನೆಗೆ ಬಂದು, ಅದಕ್ಕೆ ತಕ್ಕ ಪರಿಹಾರವೂ ಸಿಗದ ಬಾಡಿಗೆದಾರರ ಮೇಲೆ ಕರಾರಿನ ಮಾದರಿ ಷರತ್ತಿನ ಮೂಲಕ ಬಣ್ಣದ ಖರ್ಚು ಹೊರಿಸುವಂತಿಲ್ಲ ಎಂದು 2015ರ ಮಾರ್ಚಿನಲ್ಲಿ ಕಾರ್ಲ್ಸ್‌ರೂಹೆಯ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿದೆ. ಅಡ್ವಾನ್ಸ್ ಕಳಿಸಬೇಕಾದ ಬ್ಯಾಂಕ್ ಖಾತೆಯನ್ನೂ, ಪತ್ರ ಬರಬೇಕಾದ ತಾತ್ಕಾಲಿಕ ವಿಳಾಸವನ್ನೂ ಅದೇ ವರದಿಯ ಕೆಳಗೆ ಬರೆಸಿ, ಒಂದು ಪ್ರತಿ ತೆಗೆದುಕೊಂಡು ಹೊರಡಿ.